ಅಕಿಲ್ ದುಆಲೆಯ ಸಾಕ್ಷಿ

ನಮ್ಮ ಹರ್ಗೇಸ ಪಟ್ಟಣದಲ್ಲಿ ಅಕಿಲ್ ದುಆಲೆಯನ್ನು ಅವನ ಸ್ವಂತ ಹೆಸರಿನಿಂದ ಕರೆಯುವವರು ಸರ್ಕಾರದವರು ಮಾತ್ರ. ಉಳಿದವರಿಗೆಲ್ಲ ಅವನು ಶಕ್ಕೀಲೆ, ಅಂದರೆ ಅನುಮಾನದ ಮನುಷ್ಯ. ನಮ್ಮಲ್ಲಿ ಕುಂಟನನ್ನು ಕುಂಟ, ಬೋಳನನ್ನು ಬೋಳ ಎಂದು ಮುಖದ ಮೇಲೇ ಕರೆಯುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದುಆಲೆಯೂ ಮಾಡಿಕೊಂಡಿರಲಿಲ್ಲ. ಆ ಹೆಸರನ್ನು ಮೊದಲು ಇಟ್ಟವನು ಯಾರು, ಯಾವ ಉದ್ದೇಶದಿಂದ ಇಟ್ಟ, ಅವನ ಹಿಂದೆ ಯಾರಿದ್ದರು ಎಂದು ಮಾತ್ರ ಮೂವತ್ತು ವರ್ಷದಿಂದ ವಿಚಾರಿಸುತ್ತಲೇ ಇದ್ದ.

ಒಂಟೆ ಹಾಲು ತಂದವಳಿಗೇ ಮೊದಲ ಗುಟುಕು ಕುಡಿಸಿ, ಅವಳು ಮುಖ ಕಿವುಚುತ್ತಾಳೋ ಎಂದು ನೋಡಿ, ಆಮೇಲೆ ತಾನು ಕುಡಿಯುವವನು. ರೇಡಿಯೋದಲ್ಲಿ ಮಳೆ ಬರುತ್ತದೆ ಎಂದರೆ, ಇವತ್ತೇ ಯಾಕೆ ಹೇಳಿದರು ಎಂದು ಕೇಳುವವನು. ಇಂಥವನಿಗೆ ಸಿಕ್ಕಿದ ಕೆಲಸವೂ ಅವನಿಗೆ ಹೇಳಿ ಮಾಡಿಸಿದಂಥದ್ದು. ಅಕಿಲ್ ಎಂದರೆ ಕುಲದ ಒಂದು ಶಾಖೆಗೆ ಹಿರಿಯ. ಯಾರಿಗಾದರೂ ಗುರುತಿನ ಕಾರ್ಡ್ ಬೇಕಿದ್ದರೆ ಕಚೇರಿಯವರು ಮೊದಲು ಕೇಳುವುದು ಹುಟ್ಟಿದ ತಾರೀಕನ್ನಲ್ಲ, "ನಿನ್ನ ಅಕಿಲ್ ಯಾರು?" ಎಂದು. ಆ ಅಕಿಲ್ ಬಂದು "ಇವನು ನಮ್ಮವನು" ಎಂದು ಹೇಳಿ ಸಹಿ ಹಾಕಿದರೆ ಮುಗಿಯಿತು, ಮನುಷ್ಯ ಈ ದೇಶದವನಾದ. ಹೇಳದಿದ್ದರೆ ಅವನು ಎಲ್ಲಿಯವನೂ ಅಲ್ಲ.

ಹೀಗಾಗಿ ದುಆಲೆ ದಿನಾ ಬೆಳಗ್ಗೆ ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು, ಊರುಗೋಲು ಹಿಡಿದು, ನೋಂದಣಿ ಕಚೇರಿಯ ಎದುರಿಗೆ ಕಿನ್ಸಿಯ ಚಹಾ ಅಂಗಡಿಯ ಜಾಲಿ ಮರದ ನೆರಳಿನಲ್ಲಿ ಕೂರುತ್ತಿದ್ದ. ಬಂದವರು ತಮ್ಮ ಪೀಳಿಗೆ ಹೇಳಬೇಕು: ಅಪ್ಪ, ಅಜ್ಜ, ಮುತ್ತಜ್ಜ, ಹೀಗೆ ಹದಿನೈದು ತಲೆಮಾರು. ಸರಿಯಾಗಿ ಹೇಳಿದರೂ ಅವನು ಒಪ್ಪುವವನಲ್ಲ.

"ಗಂಡಸರ ಹೆಸರು ಯಾರು ಬೇಕಾದ್ರೂ ಬಾಯಿಪಾಠ ಮಾಡ್ಕೊಂಡು ಬರ್ತಾರೆ," ಎನ್ನುತ್ತಿದ್ದ. "ಹೆಂಗಸರನ್ನ ಹೇಳು ನೋಡೋಣ. ಏಳನೇ ಅಜ್ಜನ್ನ ಹೆತ್ತವಳು ಯಾರು? ಯಾವ ಮನೆಯವಳು?"

ಅಲ್ಲಿಗೆ ಸುಳ್ಳು ಹೇಳಲು ಬಂದವನ ಬಣ್ಣ ಬಯಲಾಗುತ್ತಿತ್ತು. ಹದಿನೈದು ವರ್ಷದಲ್ಲಿ ದುಆಲೆ ಒಂದೇ ಒಂದು ಸುಳ್ಳು ಸಾಕ್ಷಿಗೂ ಸಹಿ ಹಾಕಿದವನಲ್ಲ ಎಂದು ಕಚೇರಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡಾಗಲೆಲ್ಲ ಅವನು, ಇವರು ನನ್ನನ್ನು ಇಷ್ಟು ಹೊಗಳುವುದರ ಹಿಂದೆ ಏನಿದೆ ಎಂದು ಯೋಚಿಸುತ್ತಿದ್ದ.

ಅವನ ಪಕ್ಕದ ಚಾಪೆಯಲ್ಲಿ ಕೂರುತ್ತಿದ್ದವನು ಇನ್ನೊಂದು ಶಾಖೆಯ ಅಕಿಲ್, ಬಿದಾರ್. ಬಿದಾರ್ ಅಂದರೆ ಬೋಳ. ಅವನು ಪೂರಾ ತದ್ವಿರುದ್ಧ. ಯಾರಾದರೂ ಕಣ್ಣಲ್ಲಿ ನೀರು ತಂದುಕೊಂಡರೆ ಸಾಕು, ಸಹಿ ಹಾಕಿಬಿಡುತ್ತಾನೆ ಎಂದು ಹೆಸರಾಗಿತ್ತು. ದುಆಲೆ ಅವನನ್ನು ಕಂಡರೆ ಮೂಗು ಮುರಿಯುತ್ತಿದ್ದ. ಆದರೂ ಇಬ್ಬರೂ ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು.

ಆಗ ನಾವು ದಕ್ಷಿಣದವರಿಂದ ಬೇರೆಯಾಗಿ ನಮ್ಮದೇ ಬಾವುಟ ಹಾರಿಸಿ ಹದಿನೆಂಟು ವರ್ಷವಾಗಿತ್ತು. ನಮ್ಮದೇ ಶಿಲ್ಲಿಂಗು, ನಮ್ಮದೇ ಪೊಲೀಸರು, ನಮ್ಮದೇ ಚುನಾವಣೆ. ಲೋಕದ ಭೂಪಟದಲ್ಲಿ ಮಾತ್ರ ನಾವಿಲ್ಲ. ಅಲ್ಲಿ ನಾವಿನ್ನೂ ದಕ್ಷಿಣದ ಮೊಗದಿಶು ಸರ್ಕಾರದ ಕೈಕೆಳಗಿನ ಒಂದು ತುಂಡು. ದುಆಲೆಗೆ ಇದರ ಸಂಕಟ ಬೇರೆಯವರಿಗಿಂತ ಹೆಚ್ಚು, ಯಾಕೆಂದರೆ ಅರವತ್ತನೇ ಇಸವಿಯಲ್ಲಿ ಬ್ರಿಟಿಷರ ಬಾವುಟ ಇಳಿಯುವುದನ್ನು ಹನ್ನೆರಡು ವರ್ಷದ ಅವನು ಕಣ್ಣಾರೆ ನೋಡಿದ್ದ. ಆಗ ಐದೇ ಐದು ದಿನ ನಾವು ಸ್ವತಂತ್ರ ದೇಶವಾಗಿದ್ದೆವು. ಎಷ್ಟೋ ದೇಶಗಳು ತಂತಿ ಕಳಿಸಿ ಒಪ್ಪಿದ್ದವು. ಆರನೆಯ ದಿನ ನಾವಾಗಿಯೇ ಹೋಗಿ ದಕ್ಷಿಣದವರ ಜೊತೆ ಸೇರಿಕೊಂಡೆವು. ಆ ಸಂಬಂಧ ಎಲ್ಲಿಗೆ ಮುಟ್ಟಿತೆಂದರೆ, ಎಂಬತ್ತೆಂಟರಲ್ಲಿ ನಮ್ಮೂರ ವಿಮಾನ ನಿಲ್ದಾಣದಿಂದಲೇ ಏರಿದ ವಿಮಾನಗಳು ನಮ್ಮೂರ ಮೇಲೇ ಬಾಂಬು ಸುರಿದು ಮತ್ತೆ ಅಲ್ಲೇ ಇಳಿದವು.

"ಈಗ ನಾವು ಬೇರೆ ಅಂದ್ರೆ ಲೋಕ ನಂಬಲ್ಲ," ಎಂದು ದುಆಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದ. "ಎದುರಿಗೆ ನಿಂತಿರೋನಿಗೆ, ನೀನು ಇದ್ದೀಯಾ ಅನ್ನೋದಕ್ಕೆ ಚೀಟಿ ತಗೊಂಡ್ಬಾ ಅಂತಾರೆ. ಇದಕ್ಕಿಂತ ಅವಮಾನ ಉಂಟಾ?"

ಈ ಮಾತು ಹೇಳಿದ ವಾರದಲ್ಲೇ ಅಂಬರೋ ಬಂದಳು.

ಬೆಳಗಿನ ಎರಡನೇ ಚಹಾದ ಹೊತ್ತು. ಇಪ್ಪತ್ತಮೂರರ ಹುಡುಗಿ, ಮಾಸಿದ ಕಂದು ಬಣ್ಣದ ಮೇಲ್ಬಟ್ಟೆ ಹೊದ್ದಿದ್ದಳು, ಕಾಲಿನಲ್ಲಿ ದಾರಿಯ ಧೂಳಿತ್ತು. ಮರದ ಕೆಳಗೆ ಬಂದು, ಕೂತವರನ್ನೆಲ್ಲ ಒಮ್ಮೆ ನೋಡಿ, ನೆಟ್ಟಗೆ ದುಆಲೆಯ ಎದುರಿಗೆ ನಿಂತಳು.

"ದೊಡ್ಡಪ್ಪ, ನಾನು ಅಂಬರೋ. ಸಮತರ್ ಮಗಳು."

ಚಹಾ ಸೋಸುತ್ತಿದ್ದ ಕಿನ್ಸಿಯ ಕೈ ನಿಂತಿತು. ದುಆಲೆಯ ಎದುರಿಗೆ ಆ ಹೆಸರನ್ನು ಯಾರೂ ಎತ್ತಿ ಹದಿನೈದು ವರ್ಷದ ಮೇಲಾಗಿತ್ತು. ಅದೂ ಅಲ್ಲದೆ ಹುಡುಗಿಯ ಮಾತಿನ ಎಳೆತ ಅಪ್ಪಟ ಮೊಗದಿಶುವಿನದು. ಅದನ್ನು ಕೇಳಿದೊಡನೆ ಅಲ್ಲಿದ್ದವರ ಮುಖ ಗಂಟಿಕ್ಕಿತು.

"ಯಾವ ಸಮತರ್?" ದುಆಲೆ ಲೋಟ ಕೆಳಗಿಟ್ಟ. "ಈ ಊರಲ್ಲಿ ಕಲ್ಲು ಬೀಸಿದ್ರೆ ಒಬ್ಬ ಸಮತರ್‌ಗೆ ತಾಗುತ್ತೆ. ಮತ್ತೆ ದೊಡ್ಡಪ್ಪ ಅಂತ ಯಾರಿಗಮ್ಮಾ ಹೇಳ್ತಿದ್ದೀಯ? ನನಗೆ ತಮ್ಮ ಅಂತ ಯಾರೂ ಇಲ್ಲ."

"ಇದ್ರು. ಹೋದ ವರ್ಷ ಮೊಗದಿಶುನಲ್ಲಿ ತೀರ್ಕೊಂಡ್ರು. ಸಾಯೋ ಮುಂಚೆ ನಿಮ್ಮ ಹತ್ರ ಹೋಗು ಅಂದ್ರು." ಅವಳು ಚೀಲದಿಂದ ಒಂದು ಕಾಗದ ತೆಗೆದಳು. "ನಾನು ಹೆರಿಗೆ ಮಾಡಿಸೋ ನರ್ಸು. ಇಲ್ಲಿ ಆಸ್ಪತ್ರೆಯೋರು ಕೆಲಸ ಕೊಡ್ತೀವಿ ಅಂದಿದ್ದಾರೆ. ಆದ್ರೆ ತಿಂಗಳ ಕೊನೆಯೊಳಗೆ ಕಾರ್ಡ್ ತೋರಿಸ್ಬೇಕು. ಇಲ್ದಿದ್ರೆ ಪರದೇಶದವಳು ಅಂತ ಲೆಕ್ಕ. ವಾಪಸ್ ಹೋಗ್ಬೇಕಾಗತ್ತೆ. ಅಲ್ಲಿ ನಮ್ಮ ಬೀದಿ ಅನ್ನೋದೇ ಉಳಿದಿಲ್ಲ."

"ಅಯ್ಯೋ ಪಾಪ," ಎಂದ ಬಿದಾರ್.

"ನೀನು ಸುಮ್ನಿರು," ಎಂದು ದುಆಲೆ ಅವನ ಬಾಯಿ ಮುಚ್ಚಿಸಿ, ಹುಡುಗಿಯ ಕಡೆಗೆ ಊರುಗೋಲು ತೋರಿಸಿದ. "ಪೀಳಿಗೆ ಹೇಳು."

ಅವಳು ಕಣ್ಣು ಮುಚ್ಚಿ, ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಶುರು ಮಾಡಿದಳು. "ಅಂಬರೋ, ಸಮತರ್, ಶಿರ್ದೋನ್, ಗಾಸ್, ವೈರಾಹ್, ಹಿರ್ಸಿ, ಸುಗುಲ್ಲೆ, ದಲಾಲ್..."

"ನಿಲ್ಸು!" ಊರುಗೋಲು ನೆಲಕ್ಕೆ ಬಡಿಯಿತು. "ವೈರಾಹನ ಅಪ್ಪ ಯಾರಂದೆ?"

"ಹಿರ್ಸಿ."

"ಹಿರ್ಸಿಯ ಅಪ್ಪ?"

"ಸುಗುಲ್ಲೆ."

ದುಆಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ರೇನ್ರಪ್ಪಾ! ಮಗನಿಂದ ಅಪ್ಪನ್ನ ಹುಟ್ಟಿಸಿಬಿಟ್ಳು! ಸುಗುಲ್ಲೆ ಹಿರ್ಸಿಯ ಮಗ ಕಣಮ್ಮಾ, ಅಪ್ಪ ಅಲ್ಲ. ಇದನ್ನ ನಮ್ಮ ಮನೆ ಆಡು ಕೂಡ ಸರಿಯಾಗಿ ಹೇಳತ್ತೆ. ಇರಲಿ, ಸುಗುಲ್ಲೆಯನ್ನ ಹೆತ್ತವಳು ಯಾರು?"

"ಗೊತ್ತಿಲ್ಲ. ಅಪ್ಪ ಹೆಂಗಸರ ಹೆಸರು ಹೇಳಿಕೊಡ್ಲಿಲ್ಲ."

"ಹೇಳಿಕೊಟ್ಟು ಕಳಿಸಿದವನಿಗೇ ಗೊತ್ತಿಲ್ಲ, ಪಾಪ! ಹೋಗಿ ಅವನಿಗೆ ಹೇಳು, ಮುಂದಿನ ಸಲ ಬೇಹಿಗೆ ಕಳಿಸೋವಾಗ ಸರಿಯಾಗಿ ಬಾಯಿಪಾಠ ಮಾಡ್ಸು ಅಂತ."

ಹುಡುಗಿಯ ಮುಖ ಕೆಂಪಾಯಿತು, ಆದರೆ ಅವಳು ಅಳಲಿಲ್ಲ. "ನಮ್ಮಪ್ಪ ಹೀಗೇ ಕಲಿಸಿದ್ದು. ನೀವು ನಕ್ಕಿದ್ದಕ್ಕೆ ನಾನದನ್ನ ಬದಲಾಯಿಸಲ್ಲ," ಎಂದು ಕಾಗದ ಮಡಚಿಕೊಂಡು ಹೊರಟುಹೋದಳು.

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಏಬ್ಲ ಅನ್ನ, ಮಾಂಸ, ಬಾಳೆಹಣ್ಣು ತಂದಿಟ್ಟಳು. ದುಆಲೆ ಉತ್ಸಾಹದಿಂದ ಬೆಳಗಿನ ಕತೆ ಹೇಳತೊಡಗಿದ. ಹುಡುಗಿಯ ಎಳೆತವನ್ನು ಅಣಕಿಸಿದ, ಅವಳ ರಾಗವನ್ನೂ ಅಣಕಿಸಿದ. "ಗಾಸ್, ವೈರಾಹ್, ಹಿರ್ಸಿ, ಸುಗುಲ್ಲೆ..." ಅಷ್ಟು ಹೇಳಿದವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ ಹಾಕಿದ. ಆ ತಪ್ಪು ಅವನ ಬಾಯಿಗೆ ಹೊಸದಾಗಿರಲಿಲ್ಲ.

ಆಗ ಅವನಿಗೆ ಹತ್ತು ವರ್ಷ, ತಮ್ಮ ಸಮತರ್‌ಗೆ ನಾಲ್ಕು. ಇಬ್ಬರೂ ಆಡು ಕಾಯುತ್ತಿದ್ದರು. ಸಣ್ಣವನಿಗೆ ಪೀಳಿಗೆ ಕಲಿಸು ಎಂದು ಅಪ್ಪ ಹೇಳಿದ್ದ. ತಮ್ಮನ ಮೇಲೆ ಅಪ್ಪನಿಗೆ ಮುದ್ದು ಜಾಸ್ತಿ ಎಂಬ ಹೊಟ್ಟೆಕಿಚ್ಚಿಗೆ ದುಆಲೆ ಬೇಕೆಂದೇ ಎರಡು ಹೆಸರು ಅದಲು ಬದಲು ಮಾಡಿ ಕಲಿಸಿದ. ಸಂಜೆ ಸಮತರ್ ಅದೇ ರಾಗದಲ್ಲಿ ಒಪ್ಪಿಸಿ ಕೆನ್ನೆಗೆ ಏಟು ತಿಂದ. ತಿಂದರೂ, "ಅಣ್ಣ ಹೇಳಿದ್ದೇ ಸರಿ" ಎಂದ. ದೊಡ್ಡವನಾದ ಮೇಲೂ ಹಟಕ್ಕೆ ಹಾಗೇ ಹೇಳುತ್ತಿದ್ದ. ದುಆಲೆ ತನ್ನ ಕಿತಾಪತಿಯನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಈ ಲೋಕದಲ್ಲಿ ಪೀಳಿಗೆಯನ್ನು ಹಾಗೆ ಹೇಳುವ ಬಾಯಿ ಇದ್ದದ್ದು ಒಂದೇ. ಸುಳ್ಳು ಹೇಳಲು ಬಂದವಳಾಗಿದ್ದರೆ ಸರಿಯಾಗಿ ಕಲಿತು ಬರುತ್ತಿದ್ದಳು.

"ಏನಾಯ್ತು?" ಎಂದಳು ಏಬ್ಲ.

ಅವನು ಎಲ್ಲ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಅವನ ಹುಟ್ಟುಗುಣ ಎಚ್ಚರವಾಯಿತು. "ಸಮತರ್ ಈ ತಪ್ಪನ್ನ ಬೇರೆ ಯಾರಿಗಾದ್ರೂ ಹೇಳಿದ್ರೆ? ಅವರು ಈ ಹುಡುಗಿಗೆ ಕಲಿಸಿದ್ರೆ?"

"ಯಾರ್ರೀ ಅಷ್ಟು ಕಷ್ಟಪಟ್ಟು ತಪ್ಪು ಕಲೀತಾರೆ?" ಏಬ್ಲ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಗು ನಮ್ದು. ನಾಳೆ ಹೋಗಿ ಹೇಳ್ಬಿಡಿ."

"ಏನಂತ ಹೇಳ್ಲಿ?"

ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. ಸಮತರ್ ಮೊಗದಿಶು ಸರ್ಕಾರದ ಸೇನೆಯಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದ. ಬಾಂಬು ಬಿದ್ದ ದಿನಗಳಲ್ಲಿ ಅವನು ಹರ್ಗೇಸದ ವಿಮಾನ ನಿಲ್ದಾಣದಲ್ಲಿ ಸ್ಪ್ಯಾನರ್ ಹಿಡಿದು ಓಡಾಡುವುದನ್ನು ನೋಡಿದೆವು ಎಂದು ಯಾರೋ ಹೇಳಿದರು. ಯಾರು ನೋಡಿದವರು ಎಂದರೆ ಯಾರೂ ಇಲ್ಲ. ಆದರೆ ಆ ಮಾತು ಊರಿನವರು ಓಡಿಹೋಗಿ ಸೇರಿದ್ದ ಇಥಿಯೋಪಿಯಾದ ನಿರಾಶ್ರಿತರ ಶಿಬಿರದ ತನಕ ಬಂತು. ಅಲ್ಲಿಗೆ ನಡೆದುಕೊಂಡು ಹೋಗುವ ದಾರಿಯಲ್ಲೇ ಅಣ್ಣ ತಮ್ಮಂದಿರ ತಾಯಿ ಸತ್ತಿದ್ದಳು. ತೊಂಬತ್ತಮೂರರಲ್ಲಿ ಕುಲಗಳ ಹಿರಿಯರೆಲ್ಲ ಬೋರಮ ಎಂಬ ಊರಿನಲ್ಲಿ ಕೂತು ರಾಜಿ ಮಾಡಿಕೊಂಡಾಗ ಪ್ರತಿಯೊಬ್ಬ ಅಕಿಲನೂ ತನ್ನವರ ಹೆಸರು ಓದಬೇಕಿತ್ತು. ದುಆಲೆ ಎದ್ದು ನಿಂತು, "ನನಗೊಬ್ಬ ತಮ್ಮ ಇದ್ದ. ಸತ್ತ. ಅವನಿಗೆ ಮಕ್ಕಳಿಲ್ಲ," ಎಂದುಬಿಟ್ಟ. ಆ ಮಾತಿನ ಮೇಲೆಯೇ ಅವನು ಅಕಿಲ್ ಆಗಿ ಉಳಿದದ್ದು. ಈಗ ಅಂಬರೋ ನಮ್ಮವಳು ಎಂದರೆ, ಅಂದಿನ ಮಾತು ಸುಳ್ಳು ಎಂದಾಗುತ್ತದೆ. ಒಮ್ಮೆ ಸುಳ್ಳು ಹೇಳಿದವನ ಸಾಕ್ಷಿಗೆ ಬೆಲೆ ಎಲ್ಲಿಯದು? ಜೊತೆಗೆ ಬಾಂಬಿಗೆ ಮಕ್ಕಳನ್ನು ಕಳಕೊಂಡವರ ಎದುರಿಗೆ ಆ ತಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ದುಆಲೆಗೆ ಅದಕ್ಕೆ ಎದೆ ಸಾಲಲಿಲ್ಲ.

ಅದಕ್ಕೆ ಅವನು ಒಂದು ನಡುದಾರಿ ಹುಡುಕಿದ. ಕಿನ್ಸಿಯನ್ನು ಕರೆದು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ, ಅಂಬರೋ ಇಳಿದುಕೊಂಡಿದ್ದ ಮನೆಗೆ ದಿನಾ ಒಂದು ಕುಡಿಕೆ ಒಂಟೆ ಹಾಲು ಕಳಿಸಿದ. ಆ ಮನೆಯವಳಿಗೆ, ಹುಡುಗಿಯನ್ನು ಚೆನ್ನಾಗಿ ನೋಡಿಕೋ ಎಂದು ಹೇಳಿ ಕಳಿಸಿದ. ಸಹಾಯವೂ ಆಯಿತು, ಸಹಿಯೂ ಬೇಕಾಗಲಿಲ್ಲ.

ನಾಲ್ಕನೇ ದಿನ ಅಂಬರೋ ಖಾಲಿ ಕುಡಿಕೆ ಹಿಡಿದುಕೊಂಡು ಮರದ ಹತ್ತಿರ ಬಂದಳು. ದುಆಲೆ ಒಬ್ಬನೇ ಇದ್ದ.

"ಈ ಹಾಲು ಯಾರು ಯಾರಿಗೆ ಕಳಿಸಿದ್ದು?"

"ಹಸಿದವರಿಗೆ."

"ಹಸಿದವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ನನ್ನ ಬಾಗಿಲಿಗೇ ಯಾಕೆ ಬಂತು?"

ದುಆಲೆ ಸುತ್ತ ನೋಡಿ ದನಿ ತಗ್ಗಿಸಿದ. "ಎಂಬತ್ತೆಂಟರಲ್ಲಿ ನಿಮ್ಮಪ್ಪ ಎಲ್ಲಿದ್ದ? ನಿಜ ಹೇಳು."

"ಜೈಲಲ್ಲಿ. ಉತ್ತರದವನು, ನಂಬೋ ಹಾಗಿಲ್ಲ ಅಂತ ಅವರೇ ಹಿಡಿದು ಹಾಕಿದ್ರಂತೆ."

"ಅದಕ್ಕೆ ಸಾಕ್ಷಿ ಯಾರು?"

"ಜೈಲಿನ ಗೋಡೆ. ಹೋಗಿ ಕೇಳಿ." ಅವಳು ಕುಡಿಕೆಯನ್ನು ಚಾಪೆಯ ಮೇಲೆ ಇಟ್ಟಳು. "ಅಲ್ಲಿ ನಂಬಲಿಲ್ಲ ಅಂತ ಜೈಲು, ಇಲ್ಲಿ ನಂಬಲ್ಲ ಅಂತ ನೀವು."

"ನೋಡು ಹುಡುಗಿ. ನಿನ್ನ ನಡತೆ ಒಳ್ಳೇದು ಅಂತ ವಿಚಾರಿಸಿದ್ದೀನಿ. ಏನು ಸಹಾಯ ಬೇಕೋ ಕೇಳು. ಆದ್ರೆ ಆ ಒಂದು ಮಾತು ನಾನೊಬ್ಬನೇ ಹೇಳೋದಲ್ಲ. ಮೊದಲು ದೊಡ್ಡ ಮನೆತನದ ಅಕಿಲರು ಹೇಳ್ಲಿ. ಆಮೇಲೆ ನಾನು ಹಿಂದೆ ಬೀಳಲ್ಲ."

"ಅವರ ಹತ್ರ ಹೋಗಿದ್ದೆ. ನಿನ್ನ ಸ್ವಂತ ದೊಡ್ಡಪ್ಪನೇ ಹೇಳದಿರೋದನ್ನ ನಾವು ಹೇಗೆ ಹೇಳೋದು ಅಂದ್ರು." ಅವಳು ನಕ್ಕಳು, ಅದು ಖುಷಿಯ ನಗುವಲ್ಲ. "ನಿಮ್ಮ ಮಾತಿಂದ ನಾನು ಹುಟ್ಟಬೇಕಾಗಿಲ್ಲ ದೊಡ್ಡಪ್ಪ. ನಾನು ಹುಟ್ಟಿ ಇಪ್ಪತ್ತಮೂರು ವರ್ಷ ಆಯ್ತು. ನಿಮ್ಮ ಮಾತಿಂದ ನನಗೆ ಒಂದು ಕೆಲಸ ಸಿಗಬೇಕಿತ್ತು, ಅಷ್ಟೆ."

ಅವಳು ಹೋದ ಮೇಲೆ ದುಆಲೆಗೆ ಚಹಾ ಸೇರಲಿಲ್ಲ. ಸಕ್ಕರೆಯಲ್ಲಿ ಏನೋ ಬೆರೆಸಿದ್ದೀಯ ಎಂದು ಕಿನ್ಸಿಯ ಮೇಲೆ ಹರಿಹಾಯ್ದ.

ಆ ಗುರುವಾರ ಯುರೋಪಿನ ಯಾವುದೋ ದೇಶದ ದೂತ ಹರ್ಗೇಸಕ್ಕೆ ಬಂದ. ಅಂಥವರು ಆಗಾಗ ಬರುತ್ತಾರೆ, ಬಾವಿಗೆ ಪಂಪು ಕೊಡುತ್ತಾರೆ, ಶಾಲೆಗೆ ಬಣ್ಣ ಬಳಿಸುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಹೋಟೆಲಿನ ದೊಡ್ಡ ಹಾಲ್‌ನಲ್ಲಿ ಅಕಿಲರನ್ನೆಲ್ಲ ಕೂರಿಸಿದ್ದರು. ದೂತ ಅರ್ಧ ಗಂಟೆ ನಮ್ಮ ಶಾಂತಿಯನ್ನು, ಚುನಾವಣೆಯನ್ನು, ಚಹಾವನ್ನು ಹೊಗಳಿದ. ಹೊಗಳಿಕೆ ಹೆಚ್ಚಾದಷ್ಟೂ ದುಆಲೆಯ ಅನುಮಾನ ಬಲವಾಯಿತು. ಕೊನೆಗೆ ತಡೆಯಲಾರದೆ ಎದ್ದು ನಿಂತ.

"ಸ್ವಾಮೀ, ಇದೊಂದು ಹೇಳಿ ಕೂತ್ಕೊಳ್ಳಿ. ನಾವು ಇದ್ದೀವೋ ಇಲ್ವೋ?"

ಹಾಲ್‌ನಲ್ಲಿ ನಗು ಎದ್ದಿತು. ದೂತನೂ ನಕ್ಕ. ದುಭಾಷಿಯ ಬಾಯಲ್ಲಿ ಅವನ ಉತ್ತರ ಹೀಗೆ ಬಂತು: "ಖಂಡಿತ ಇದ್ದೀರಿ ಹಿರಿಯರೇ, ನಿಮ್ಮ ಮನೆಯಲ್ಲೇ ಕೂತು ಊಟ ಮಾಡಿದ್ದೇನೆ. ಏನು ಸಹಾಯ ಬೇಕೋ ಕೇಳಿ. ಆದರೆ ಆ ಒಂದು ಮಾತು ನಾವೊಬ್ಬರೇ ಹೇಳುವಂಥದ್ದಲ್ಲ. ಮೊದಲು ಆಫ್ರಿಕಾದ ನಿಮ್ಮವರು ಹೇಳಲಿ. ಆಮೇಲೆ ನಾವು ಹಿಂದೆ ಬೀಳುವುದಿಲ್ಲ."

ದುಆಲೆ ಬುಸುಗುಡುತ್ತ ಮನೆಗೆ ಬಂದ. "ಊಟ ಮಾಡ್ತಾನಂತೆ, ಪಂಪು ಕೊಡ್ತಾನಂತೆ, ಇದ್ದೀರಿ ಅಂತಾನೂ ಹೇಳ್ತಾನಂತೆ, ಬರೆದು ಮಾತ್ರ ಕೊಡಲ್ವಂತೆ! ಆಫ್ರಿಕಾದವರನ್ನ ಕೇಳಿದ್ರೆ ಮೊಗದಿಶುನವರು ಹೇಳ್ಲಿ ಅಂತಾರೆ. ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಬಚ್ಚಿಟ್ಕೊಳ್ಳೋ ಹೇಡಿಗಳು! ಹಾಲು ಕೊಟ್ಟು ಬಾಗಿಲು ಹಾಕೋ ಜನ!"

ಏಬ್ಲ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಪಂಪು ಕೊಟ್ಟು ಅಲ್ವಾ? ಹಾಲು ಕೊಟ್ಟವರು ನೀವು."

ದುಆಲೆಯ ಕೆನ್ನೆಗೆ ಹೊಡೆದ ಹಾಗಾಯಿತು. ಒಳಗೆ ಹೋಗಿ ಮಲಗಿದ. ಶುಕ್ರವಾರ ಕಚೇರಿಗೆ ರಜೆ. ಮಸೀದಿಯಲ್ಲಿ ಅವನು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿದ್ದ. ತಾನು ತಪ್ಪು ಮಾಡಿದೆ, ತಮ್ಮ ಬದುಕಿದ್ದಾಗ ಒಮ್ಮೆಯಾದರೂ ಹುಡುಕಬೇಕಿತ್ತು ಎಂದು ಅವನಿಗೆ ನಿಜವಾಗಿ ದುಃಖವಾಯಿತು. ಶನಿವಾರ ಬೆಳಗ್ಗೆ ಹೊಸ ಲುಂಗಿ ಉಟ್ಟು, ಏಬ್ಲಳಿಗೆ, "ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ಅಕಿಲ್‌ಗಿರಿ ಹೋದ್ರೆ ಹೋಗ್ಲಿ," ಎಂದು ಹೊರಟ.

ಮರದ ಕೆಳಗೆ ಬಿದಾರ್ ಒಬ್ಬನೇ ಕೂತಿದ್ದ.

"ಆ ಹುಡುಗಿ ಎಲ್ಲಿ?" ಎಂದ ದುಆಲೆ.

"ಒಳಗೆ ಕಚೇರೀಲಿ. ಕಾರ್ಡಿಗೆ ಕಾಯ್ತಿದ್ದಾಳೆ."

"ಅವಳಿಗೆ ಸಾಕ್ಷಿ ಯಾರು ಹಾಕಿದ್ದು?"

"ನಾನು. ಗುರುವಾರ, ನೀವೆಲ್ಲ ಆ ಬಿಳಿಯನ ಭಾಷಣ ಕೇಳ್ತಿದ್ರಲ್ಲ, ಆವಾಗ. ನನ್ನ ಸತ್ತ ತಮ್ಮ ಅವಾಲೆ ಇದ್ನಲ್ಲ, ಅವನ ಮಗಳು ಅಂತ ಬರೆಸ್ದೆ. ನಮ್ಮ ಪೀಳಿಗೆಯನ್ನ ಒಂದೇ ದಿನದಲ್ಲಿ ಕಲಿತುಬಿಟ್ಳು, ಚುರುಕು ಹುಡುಗಿ."

ದುಆಲೆಗೆ ರೇಗಿಹೋಯಿತು. "ಸುಳ್ಳು ಸಾಕ್ಷಿ! ಅವಳು ಯಾರ ಮಗಳು ಅಂತ ನಿನಗೆ ಗೊತ್ತೇನೋ ಬೋಳ?"

"ಗೊತ್ತು. ಅವತ್ತೇ ಗೊತ್ತಾಯ್ತು. ನೀನು ಅಷ್ಟು ಜೋರಾಗಿ ನಗೋದು ಹೆದರಿದಾಗ ಮಾತ್ರ." ಬಿದಾರ್ ಚಾಪೆಯ ಎಳೆ ಕೀಳುತ್ತ ಹೇಳಿದ. "ನನ್ನ ಇಬ್ಬರು ಗಂಡುಮಕ್ಕಳು ಬಾಂಬು ಬಿದ್ದ ನಮ್ಮ ಮನೆ ಅಡಿಯಲ್ಲೇ ಸಿಕ್ಕಿ ಹೋದ್ರು, ಶಕ್ಕೀಲೆ. ಅವಳಪ್ಪ ವಿಮಾನ ರಿಪೇರಿ ಮಾಡ್ತಿದ್ನೋ ಜೈಲಲ್ಲಿದ್ನೋ ನನಗೂ ಗೊತ್ತಿಲ್ಲ. ಅವಳಿಗೆ ಆಗ ಎರಡು ವರ್ಷ. ಯಾರಾದ್ರೂ ಹೇಳ್ಬೇಕಿತ್ತು. ಅಷ್ಟು ದಿನ ಕಾದೆ, ನೀನು ಹೇಳ್ಲಿಲ್ಲ."

ದುಆಲೆ ಬಾಯಿ ತೆರೆದ. ನಾನು ಹೇಳಲೆಂದೇ ಇವತ್ತು ಬಂದೆ ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಪೇದೆಯೊಬ್ಬ ಕಚೇರಿಯಿಂದ ಬಂದು, ಅಧಿಕಾರಿ ನೂಹ್ ಇಬ್ಬರನ್ನೂ ಕರೆಯುತ್ತಿದ್ದಾರೆ ಎಂದ.

ಒಳಗೆ ಮೇಜಿನ ಮುಂದೆ ಅಂಬರೋ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಮೇಜಿನ ಮೇಲೆ ಅವಳ ಅರ್ಜಿ, ಪಕ್ಕದಲ್ಲಿ ಮುದ್ರೆ ಒತ್ತಲು ಸಿದ್ಧವಾಗಿದ್ದ ಕಾರ್ಡು. ನೂಹ್ ಹೊಸಬ, ಚುರುಕಿನವನು. ಎದ್ದು ನಿಂತು ದುಆಲೆಗೆ ಕುರ್ಚಿ ಕೊಟ್ಟ, ಬಿದಾರ್‌ಗೆ ಕೊಡಲಿಲ್ಲ.

"ಅಕಿಲ್ ದುಆಲೆ, ನಿಮಗೆ ತೊಂದರೆ ಕೊಟ್ಟೆ. ಈ ಹುಡುಗಿ ಮಾತು ದಕ್ಷಿಣದ್ದು. ಇವಳು ಮೊದಲು ನಿಮ್ಮ ಹತ್ರ ಬಂದಿದ್ಳು, ನಿಮ್ಮ ತಮ್ಮನ ಮಗಳು ಅಂದಿದ್ಳು ಅಂತ ನನಗೆ ದೂರು ಬಂದಿದೆ. ಈಗ ಅಕಿಲ್ ಬಿದಾರ್ ತನ್ನ ತಮ್ಮನ ಮಗಳು ಅಂತಾರೆ. ಒಬ್ಬ ಹುಡುಗಿಗೆ ಇಬ್ಬರು ಅಪ್ಪಂದಿರು ಇರೋದಕ್ಕಾಗಲ್ಲ. ಇದು ಸುಳ್ಳು ಅಂತಾದ್ರೆ ಅರ್ಜಿ ರದ್ದು, ಮತ್ತೆಂದೂ ಹಾಕೋ ಹಾಗಿಲ್ಲ, ಇಬ್ಬರ ಮೇಲೂ ಕೇಸು. ಬಿದಾರ್ ಮಾತನ್ನ ನಾನು ನಂಬಲ್ಲ. ನಿಮ್ಮ ಮಾತು ನಂಬ್ತೀನಿ. ಹೇಳಿ, ಇವಳು ನಿಮ್ಮವಳಾ?"

ದುಆಲೆ ಹುಡುಗಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಮೊದಲ ದಿನ ಅವಳ ಮುಖದಲ್ಲಿ ಒಂದು ಆಸೆ ಇತ್ತು. ಇವತ್ತು ಅಲ್ಲಿ ಇದ್ದದ್ದು ಅವನ ಬಾಯಿಂದ ಎಲ್ಲಿ ನಿಜ ಹೊರಬೀಳುತ್ತದೋ ಎಂಬ ಭಯ ಮಾತ್ರ. ಮನೆಯಿಂದ ದಾರಿಯುದ್ದಕ್ಕೂ ಒಪ್ಪ ಮಾಡಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎರಡು ದಿನ ಮೊದಲು ಹೇಳಿದ್ದರೆ ಆ ಮಾತಿನಿಂದ ಅವಳು ಉಳಿಯುತ್ತಿದ್ದಳು. ಈಗ ಹೇಳಿದರೆ ಅವಳು ಸೆರೆಮನೆಗೆ ಹೋಗುತ್ತಾಳೆ.

"ಬಂದಿದ್ದು ನಿಜ," ಎಂದ ದುಆಲೆ. ದನಿ ಸರಿಪಡಿಸಿಕೊಂಡ. "ಪಾಪ, ಊರಿಗೆ ಹೊಸಬಳು, ಯಾವ ಅಕಿಲ್ ಯಾವ ಮನೆಯವನು ಅಂತ ಗೊತ್ತಾಗಲಿಲ್ಲ. ನಾನು ಪರೀಕ್ಷೆ ಮಾಡ್ದೆ. ನಮ್ಮ ಪೀಳಿಗೆ ಇವಳಿಗೆ ಬರ್ಲಿಲ್ಲ. ಬೇಕಾದ್ರೆ ಚಹಾ ಅಂಗಡಿಯೋರನ್ನ ಕೇಳಿ."

"ಅಂದ್ರೆ?"

"ನಮ್ಮವಳಲ್ಲ. ಬಿದಾರ್ ಮನೆಯವಳು. ಅವನ ತಮ್ಮ ಅವಾಲೆ ನನಗೆ ಗೊತ್ತಿತ್ತು."

"ನಿಮ್ಮ ತಮ್ಮ ಸಮತರ್‌ಗೆ ಮಕ್ಕಳು?"

"ಇರ್ಲಿಲ್ಲ. ಬೋರಮದಲ್ಲೇ ಹೇಳಿದ್ದೀನಲ್ಲ, ಅವನಿಗೆ ಮಕ್ಕಳಿಲ್ಲ."

ನೂಹ್ ನಿರಾಳವಾಗಿ ಉಸಿರು ಬಿಟ್ಟ. ಆ ಎರಡು ಸಾಲನ್ನೂ ಅರ್ಜಿಯ ಕೆಳಗೆ ಬರೆದು ಮುಂದೆ ಸರಿಸಿದ. ದುಆಲೆ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿ ಸಹಿ ಹಾಕಿದ. ಮುದ್ರೆ ಬಿತ್ತು. ಅಂಬರೋ ಎರಡೂ ಕೈಯಲ್ಲಿ ಕಾರ್ಡು ತೆಗೆದುಕೊಂಡಳು, ಬಿದಾರ್‌ನ ಪಕ್ಕಕ್ಕೆ ಹೋಗಿ ನಿಂತಳು. ಹೊರಗೆ ಹೋಗುವಾಗ ಒಮ್ಮೆ ಹಿಂತಿರುಗಿ ನೋಡಿದಳು, ಆದರೆ ಎಲ್ಲರ ಎದುರಿಗೆ ಅವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಹಾಗೇ ಹೋದಳು.

ದುಆಲೆ ಆ ದಿನ ಮರದ ಕೆಳಗೆ ಕೂರಲಿಲ್ಲ. ನಡು ಬಿಸಿಲಲ್ಲೇ ಮನೆಗೆ ಬಂದ. ಏಬ್ಲ ಅಂಗಳದಲ್ಲಿ ಎರಡು ಚಾಪೆ ಹಾಸಿ, ಮೂರು ಜನಕ್ಕೆ ಅನ್ನ ಮಾಡಿ, ಒಳಗಿನ ಕೋಣೆ ಗುಡಿಸಿ, ಬಾಗಿಲಲ್ಲೇ ಕಾಯುತ್ತಿದ್ದಳು.

"ಕಾರ್ಡ್ ಸಿಕ್ತಾ ಮಗುಗೆ?"

"ಸಿಕ್ತು."

"ಅಲ್ಲಾಹ್ ದೊಡ್ಡವನು! ಎಲ್ಲಿ ಅವಳು? ಕರ್ಕೊಂಡ್ಬರಲಿಲ್ವಾ? ಎಲ್ಲಿ ನಮ್ಮ ಸಮತರ್ ಮಗಳು?"

ದುಆಲೆ ಚಾಪೆಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ.

"ಸಮತರ್‌ಗೆ ಮಕ್ಕಳಿರ್ಲಿಲ್ಲ ಕಣೇ," ಎಂದ. "ಈಗ ತಾನೇ ಸಹಿ ಹಾಕಿ ಬಂದೆ."